ಬಟ್ಟಲಿನ ಗೆರೆ

ನಮ್ಮ ಮನೆಯಲ್ಲಿ ರೇಷ್ಮೆ ಹುಳಕ್ಕಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಮಡಕಶಿರದಿಂದ ಅಗಳಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಸ್ವಲ್ಪ ದೂರ ನಡೆದರೆ ನಮ್ಮ ಮನೆ. ಮುಂದೆ ಜಗಲಿ, ಆಮೇಲೆ ಪಡಸಾಲೆ, ಪಕ್ಕಕ್ಕೆ ಕತ್ತಲು ತುಂಬಿದ ಅಡುಗೆಮನೆ, ಅಂಗಳಕ್ಕೆ ತಾಗಿದಂತೆ ಹುಳದ ಮನೆ. ಗಾಳಿ ಬೆಳಕು ಚೆನ್ನಾಗಿ ಬರುವ ಒಂದೇ ಒಂದು ಕೋಣೆ ಅದಾಗಿತ್ತು, ಅದರಲ್ಲಿ ಹುಳಗಳಿದ್ದವು. ಅಪ್ಪ, ಅಮ್ಮ, ಅಜ್ಜಿ, ನಾನು ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಹುಳ ಮೇಯುವ ಅಷ್ಟೂ ದಿನ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ದೇವರಿಗೆ ಊದುಬತ್ತಿಯೂ ಇಲ್ಲ. ನಾನು ಪೌಡರ್ ಹಚ್ಚಿಕೊಂಡು ಸ್ಕೂಲಿಗೆ ಹೋಗುವಂತಿರಲಿಲ್ಲ. ಅಪ್ಪನಿಗೆ ಬೀಡಿ ಬೇಕೆನಿಸಿದರೆ ಕೆರೆ ಏರಿಯವರೆಗೆ ನಡೆದುಹೋಗಿ, ಬಾಯಿ ಮುಕ್ಕಳಿಸಿಕೊಂಡು ವಾಪಸ್ ಬರಬೇಕಿತ್ತು. ಈ ಕಾನೂನುಗಳನ್ನೆಲ್ಲ ಮಾಡಿದವಳು ಅಜ್ಜಿ, ಅಪ್ಪನ ತಾಯಿ. ವಾಸನೆ ಅಂದರೆ ಹುಳಕ್ಕೆ ವಿಷ ಅನ್ನುವುದು ಅವಳಿಗೆ ದೇವರಷ್ಟೇ ನಿಜ. ಅದು ನಿಜವೂ ಹೌದು.

ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರದ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನಾಲ್ಕನೇ ಜ್ವರ ಎದ್ದಮೇಲೆ ಹಗಲೂ ರಾತ್ರಿ ಅವು ಸೊಪ್ಪು ಕಡಿಯುವ ಸದ್ದು ಗೋಡೆಯಾಚೆಯಿಂದ ಕೇಳುತ್ತಲೇ ಇರುತ್ತಿತ್ತು. ಚಿಕ್ಕಂದಿನಲ್ಲಿ ಆ ಸದ್ದಿಗೆ ನನಗೆ ಭಯ. ಸದ್ದು ನಿಂತರೆ ಇನ್ನೂ ಭಯ. ನಿದ್ದೆಯಲ್ಲಿ ಎಚ್ಚರಾದಾಗ ಮೊದಲು ಗೋಡೆಗೆ ಕಿವಿ ಕೊಟ್ಟು, ಮೇಯುತ್ತಿವೆ ಅಂತ ಗೊತ್ತಾದ ಮೇಲೆ ಅಜ್ಜಿಯ ಸೆರಗು ಹಿಡಿದುಕೊಂಡು ಮತ್ತೆ ಮಲಗುತ್ತಿದ್ದೆ. ಅಮ್ಮನ ಸೆರಗಲ್ಲ, ಅಜ್ಜಿಯದು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದದ್ದಕ್ಕೆ ಇದೇ ಕಾರಣ.

ಅಮ್ಮ ರಾಯದುರ್ಗದವಳು. ಬಳ್ಳಾರಿ ರಸ್ತೆಯ ಪಕ್ಕದಲ್ಲಿ ನಮ್ಮ ತಾತನದೊಂದು ಲಾರಿ ರಿಪೇರಿ ಷೆಡ್ ಇತ್ತು. ಗಂಡುಮಕ್ಕಳು ತಡವಾಗಿ ಹುಟ್ಟಿದ್ದರಿಂದ ಹಿರಿಮಗಳಾದ ಅಮ್ಮ ಆ ಷೆಡ್ಡಿನಲ್ಲೇ ಬೆಳೆದಳು. ಹದಿನಾಲ್ಕು ವರ್ಷಕ್ಕೆಲ್ಲ ಎಂಜಿನ್ ಸದ್ದು ಕೇಳಿ ಕಾಯಿಲೆ ಹೇಳುತ್ತಿದ್ದಳಂತೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳ ‘ಐತಿ’ ನಮ್ಮ ಕಡೆಯ ‘ಐತೆ’ ಆಗಲೇ ಇಲ್ಲ. ಅಜ್ಜಿ ಅವಳನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ, ಯಾವಾಗಲೂ ‘ರಾಯದುರ್ಗದೋಳು’. ಅಮ್ಮ ಜೋಳದ ರೊಟ್ಟಿ ತಟ್ಟಿದರೆ ಆ ಸದ್ದಿಗೆ ಹುಳ ಬೆದರುತ್ತವೆ ಅಂತ ಅಜ್ಜಿ ಒಮ್ಮೆ ಹೇಳಿದಳು. ಅವತ್ತಿನಿಂದ ಹುಳವಿದ್ದಾಗ ನಮ್ಮ ಮನೆಯಲ್ಲಿ ಬರೀ ಮುದ್ದೆ. ಹುಳ ನಿಜವಾಗಿಯೂ ಬೆದರುತ್ತಿದ್ದವೋ, ಅಜ್ಜಿಗೆ ರೊಟ್ಟಿ ಸೇರುತ್ತಿರಲಿಲ್ಲವೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಈ ಮನೆಗೆ ಅಪ್ಪ ಒಂದು ಹಳೆಯ ಡೀಸೆಲ್ ಕಾರು ತಂದು ನಿಲ್ಲಿಸಿದ. ಹಿಂದೂಪುರದಲ್ಲಿ ಇಬ್ಬರು ಮೂವರ ಕೈ ದಾಟಿ ಬಂದ ಗಾಡಿ, ಬೂದಿ ಬಣ್ಣ, ಹಿಂದಿನ ಬಲಗಡೆಯ ಬಾಗಿಲು ಹೊರಗಿನಿಂದ ಮಾತ್ರ ತೆಗೆಯುತ್ತಿತ್ತು. ಮದುವೆ ದಿಬ್ಬಣಕ್ಕೆ, ಆಸ್ಪತ್ರೆಗೆ, ಗೂಡಿನ ಮಾರ್ಕೆಟ್ಟಿಗೆ ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಓಡಿಸುವುದು ಬಿಟ್ಟರೆ ಅದರ ವಿಷಯ ಅವನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಅಮ್ಮ. ನಮ್ಮ ದಾರಿಗಳ ಧೂಳಿಗೆ ಎಂಜಿನ್ ಬೇಗ ಸವೆಯುತ್ತದೆಂದು ಹದಿನೈದು ದಿನಕ್ಕೊಮ್ಮೆ ಅದರ ಗಾಳಿ ಡಬ್ಬಿ ಬಿಚ್ಚಿ ಕೂರುತ್ತಿದ್ದಳು. ಏರ್ ಫಿಲ್ಟರ್ ಅನ್ನುವ ಮಾತು ನಾನು ಕಲಿತದ್ದು ಎಷ್ಟೋ ವರ್ಷದ ಮೇಲೆ, ನಮಗೆ ಅದು ಗಾಳಿ ಡಬ್ಬಿ. ಈಗಿನ ಕಾರಿನ ಕಾಗದದ ಫಿಲ್ಟರಲ್ಲ. ಅದರ ತಳದಲ್ಲಿ ಕಬ್ಬಿಣದ ಬಟ್ಟಲು, ಬಟ್ಟಲಲ್ಲಿ ಎಂಜಿನ್ ಆಯಿಲ್, ಮೇಲೆ ಉಂಡೆ ಸುತ್ತಿದ ತಂತಿಯ ಜಾಲರಿ, ಅದರ ಮೇಲೊಂದು ಮುಚ್ಚಳ. ಪಕ್ಕದ ಮೂತಿಯಿಂದ ಒಳಗೆ ಬಂದ ಗಾಳಿ ಎಣ್ಣೆಗೆ ಬಡಿದು, ಧೂಳನ್ನು ಅಲ್ಲಿ ಬಿಟ್ಟು, ಜಾಲರಿ ದಾಟಿ ಎಂಜಿನ್ನಿಗೆ ಹೋಗುತ್ತಿತ್ತು. ಹದಿನೈದು ದಿನದಲ್ಲಿ ಬಟ್ಟಲ ತಳಕ್ಕೆ ಕಪ್ಪು ಕೆಸರು ಗಟ್ಟಿಯಾಗಿ ಕೂತಿರುತ್ತಿತ್ತು.

ಹುಳವಿರುವಾಗ ಸೀಮೆಎಣ್ಣೆ ಮುಟ್ಟಲು ಅಜ್ಜಿಯ ಅಪ್ಪಣೆ ಬೇಕಿತ್ತು. ಹಿತ್ತಲ ಆ ತುದಿಯ ಬೇವಿನ ಮರದಡಿ ಹೋಗಿ, ಗಾಳಿ ಮನೆಯ ಕಡೆಗೆ ಬೀಸುತ್ತಿಲ್ಲ ಅಂತ ಮಣ್ಣು ತೂರಿ ನೋಡಿ, ಆಮೇಲೆ ಅಮ್ಮ ಜಾಲರಿ ತೊಳೆಯುತ್ತಿದ್ದಳು. ಕೆಲಸ ಮುಗಿದ ಮೇಲೆ ತಲೆಯ ಮೇಲೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ದಾರಿಯಲ್ಲಿ ಯಾರಾದರೂ ಬರುವುದು ಕಂಡರೆ ಸ್ಪಾನರನ್ನು ಅಪ್ಪನ ಕೈಗೆ ಕೊಟ್ಟು, ಕೈ ಸೆರಗಿನೊಳಗೆ ಮುಚ್ಚಿಕೊಂಡು ಪಕ್ಕಕ್ಕೆ ನಿಲ್ಲುತ್ತಿದ್ದಳು. ಅಪ್ಪ ಸ್ಪಾನರನ್ನು ಮುದ್ದೆ ಕೋಲಿನ ಹಾಗೆ ಹಿಡಿದುಕೊಂಡು, “ಬ್ಯಾರೆಯೋರ ಕೈಗೆ ಕೊಡಲ್ಲಣ್ಣ ನಾನು, ಎಲ್ಲ ನಾನೇ ಮಾಡ್ಕಂತೀನಿ” ಅನ್ನುತ್ತಿದ್ದ. ಬಂದವರು ಹೋದಮೇಲೆ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದ. ಅವರಿಬ್ಬರೂ ಒಟ್ಟಿಗೆ ನಕ್ಕದ್ದು ನನಗೆ ನೆನಪಿರುವುದು ಆ ಬೇವಿನ ಮರದ ಕೆಳಗೆ ಮಾತ್ರ.

ಒಂದು ಸಲ ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು ತೊಳೆದ ಬಟ್ಟಲಿಗೆ ಹೊಸ ಆಯಿಲ್ ಸುರಿದಳು. ಬಟ್ಟಲ ಒಳಗೋಡೆಯಲ್ಲಿ, ಅರ್ಧಕ್ಕಿಂತ ಕೆಳಗೆ, ಉಗುರಿಗೆ ಸಿಗುವಂಥ ಒಂದು ಗೆರೆ ಇತ್ತು. ಎಣ್ಣೆ ಅಲ್ಲಿಗೆ ಬರುತ್ತಿದ್ದಂತೆ ಕೈ ನಿಲ್ಲಿಸಿದಳು.

“ಈ ಗೆರಿ ನೋಡವ್ವ. ಇದರ ಮ್ಯಾಲ ಒಂದು ಹನಿ ಹೋಗಬಾರ್ದು.”

“ಹೋದ್ರೆ?”

“ಎಂಜಿನ್ನು ಗಾಳಿ ಜೋಡಿ ಎಣ್ಣಿನೂ ಎಳಕಂತೈತಿ. ಡೀಸೆಲ್ ಗಾಡಿಗೆ ಎಣ್ಣಿ ಸಿಕ್ಕರ ಮುಗೀತು. ಕೀಲಿ ತಗದ್ರೂ ನಿಂದ್ರಲ್ಲ. ತಾನಾ ಕುಡದು ತಾನಾ ಓಡತೈತಿ, ಒಡದು ಹೋಗೋತನಕ.”

ರಾಯದುರ್ಗದ ಷೆಡ್ಡಿನಲ್ಲಿ ಹಾಗೊಂದು ಲಾರಿ ಕೂಗಿಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಓಡಿಹೋಗಿ ನಿಲ್ಲಿಸಲು ನೋಡಿದ ಒಬ್ಬನ ಕೈ ಹೋಯಿತಂತೆ. ಅದನ್ನು ಹೇಳುವಾಗ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ನಾನೂ ನೋಡಿದೆ. ಉಗುರಿನ ಸಂದಿಯಲ್ಲಿ ಕಪ್ಪು ಕೂತಿತ್ತು, ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಅದು ಹೋಗುತ್ತಿರಲಿಲ್ಲ. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ, ನಿಮ್ಮಮ್ಮ ಆ ಕೈಯಲ್ಲೇ ನಿನಗೆ ಅನ್ನ ಕಲಸಿ ಕೊಡ್ತಾಳಾ ಅಂತ ಕೇಳಿದ್ದಳು. ಇಲ್ಲ, ನಮ್ಮಜ್ಜಿ ಕೊಡ್ತಾಳೆ ಅಂದಿದ್ದೆ. ಅವತ್ತಿನಿಂದ ಅದನ್ನು ನಿಜ ಮಾಡಲು ಅಜ್ಜಿಯ ಕೈಯಿಂದಲೇ ಉಣ್ಣತೊಡಗಿದೆ. ಅಮ್ಮನ ಬಗ್ಗೆ ನನಗೆ ನಾಚಿಕೆ ಇತ್ತು. ಅದನ್ನು ಬೇರೆ ಯಾವ ಮಾತಿನಲ್ಲೂ ಮುಚ್ಚುವುದಕ್ಕಾಗುವುದಿಲ್ಲ.

ಅಜ್ಜಿಗೆ ಆ ಕಾರಿನ ಮೇಲೆ ಸಿಟ್ಟಿರಲಿಲ್ಲ, ಒಂದು ಕೊರಗಿತ್ತು. ಅಪ್ಪನ ಕಡೆಯ ತಾತ ಬದುಕಿದ್ದಾಗ ಮನೆಯಲ್ಲಿ ಎತ್ತಿನ ಬಂಡಿ ಇತ್ತು. ಬಂಡಿ ಊರು ಬಿಡುವ ಮುಂಚೆ ಮನೆಯ ಹಿರಿ ಹೆಂಗಸು ಬಂದು, ಹರಳೆಣ್ಣೆ ತುಂಬಿದ ಗಿಂಡಿ ಹಿಡಿದು ಅಚ್ಚಿನ ಕೀಲಿಗೆ ತಾನೇ ಎಣ್ಣೆ ಎರೆಯಬೇಕು. ಒಣಗಿದ ಕೀಲಿನ ಬಂಡಿ ಹತ್ತಿಸಿ ಗಂಡಸನ್ನು ಕಳಿಸುವುದು ಅಜ್ಜಿಯ ಲೆಕ್ಕದಲ್ಲಿ ಬರಿ ಹಣೆಯಲ್ಲಿ ಕಳಿಸಿದ ಹಾಗೆ. ಹರಳು ಹುರಿದು, ಕುಟ್ಟಿ, ಬೇಯಿಸಿ, ಆ ಎಣ್ಣೆಯನ್ನು ವರ್ಷಕ್ಕಾಗುವಷ್ಟು ತಾನೇ ತೆಗೆದಿಡುತ್ತಿದ್ದಳು. ಬಂಡಿ ಹೋಗಿ ಕಾರು ಬಂದಮೇಲೆ ಗಿಂಡಿಗೆ ಕೆಲಸವಿಲ್ಲ. ಅಪ್ಪ ದೂರ ಹೊರಟಾಗಲೆಲ್ಲ, ಇದರ ಕೀಲು ಎಲ್ಲೈತೆ, ಒಂದು ಹನಿ ಬಿಡ್ತೀನಿ ಅನ್ನುತ್ತಿದ್ದಳು. ಅಮ್ಮ, “ಇದಕ್ಕ ಹರಳೆಣ್ಣಿ ಆಗಂಗಿಲ್ರಿ ಅತ್ತೀ” ಅನ್ನುತ್ತಿದ್ದಳು. ಸೊಸೆ ಬೇಡ ಅಂದದ್ದಕ್ಕೆ ಅಜ್ಜಿ ಗಿಂಡಿ ಹಿಡಿದುಕೊಂಡು ಒಳಗೆ ಹೋಗುತ್ತಿದ್ದಳು. ಹಾಗೆ ಹೋಗುವಾಗಿನ ಅವಳ ಬೆನ್ನು ನೋಡಿ ನನಗೆ ಅಮ್ಮನ ಮೇಲೆ ಕೋಪ ಬರುತ್ತಿತ್ತು.

ಅವತ್ತು ಭಾನುವಾರ. ಹುಳ ಒಂದು ದಿನ ಮುಂಚೆಯೇ ಹಣ್ಣಾಗತೊಡಗಿದ್ದವು. ಹಣ್ಣಾದ ಹುಳದ ಮೈ ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತಿಳಿಯಾಗುತ್ತದೆ. ಅಂಥವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿ ಹೆಣೆದ ದೊಡ್ಡ ತಟ್ಟಿ. ನಮ್ಮಲ್ಲಿದ್ದವು ಸಾಲವು. ಅಗಳಿಯಲ್ಲಿ ಬಾಡಿಗೆಗೆ ಸಿಗುತ್ತವೆ, ಕಾರಿನ ಮೇಲೆ ಕಟ್ಟಿಕೊಂಡು ತಕ್ಷಣ ಬರಬೇಕು. ಹಿಂದಿನ ಸಂಜೆಯೇ ಅಮ್ಮ ಗಾಳಿ ಡಬ್ಬಿ ಬಿಚ್ಚಿ ತೊಳೆದು, ಜಾಲರಿಯನ್ನು ಬಟ್ಟೆ ಒಣಗಿಸುವ ತಂತಿಗೆ ತೂಗುಹಾಕಿದ್ದಳು. ಬೆಳಿಗ್ಗೆ ಎದ್ದವಳೇ ಬಟ್ಟಲನ್ನು ಕಾರಿನಲ್ಲಿ ಕೂರಿಸಿ, ಗೆರೆಯವರೆಗೆ ಆಯಿಲ್ ಹಾಕಿದಳು. ಜಾಲರಿ ತರಲು ತಿರುಗುವಷ್ಟರಲ್ಲಿ ಹುಳದ ಮನೆಯಿಂದ ಕೂಲಿಯ ಲಕ್ಷ್ಮಕ್ಕ ಕರೆದಳು. ಹುಳ ತಟ್ಟೆಯಿಂದ ಗೋಡೆ ಹತ್ತುತ್ತಿದ್ದವು. ಅಮ್ಮ ಕೈ ತೊಳೆದು ಒಳಗೆ ಓಡಿದಳು. ಬಾನೆಟ್ ತೆರೆದೇ ಇತ್ತು. ಅಪ್ಪ ಬಚ್ಚಲಲ್ಲಿದ್ದ. ನಾನು ಜಗಲಿಯ ಮೇಲೆ ಸ್ಲೇಟು ಒರೆಸುತ್ತ ಕೂತಿದ್ದೆ.

ಆಗ ಅಜ್ಜಿ ಗಿಂಡಿ ಹಿಡಿದು ಬಂದಳು. ಕಾರಿನ ಹಣೆಗೆ ಕುಂಕುಮ ಇಟ್ಟು, ತೆರೆದ ಬಾನೆಟ್ಟಿನೊಳಗೆ ಬಗ್ಗಿ ನೋಡಿದಳು. ಅಲ್ಲಿ ಅವಳಿಗೆ ಎಷ್ಟೋ ದಿನದಿಂದ ಹುಡುಕುತ್ತಿದ್ದ ಜಾಗ ಸಿಕ್ಕಿತು.

“ನೋಡ್ದೇನವ್ವ, ಇಲ್ಲೈತೆ ಇದ್ರ ಕೀಲು. ಅರ್ಧಕ್ಕೂ ಇಲ್ಲ ಎಣ್ಣೆ. ಇಂಗೆ ಕೈ ಬಿಗಿ ಹಿಡ್ದು ಗಂಡನ್ನ ದಾರಿಗೆ ಕಳ್ಸಾದಾ ರಾಯದುರ್ಗದೋಳು?”

ನಾನು ಎದ್ದು ನಿಂತೆ. ಗಿಂಡಿ ಬಗ್ಗಿತು. ಹರಳೆಣ್ಣೆ ದಪ್ಪಗೆ, ನಿಧಾನಕ್ಕೆ, ಸದ್ದಿಲ್ಲದೆ ಇಳಿಯಿತು. ಅಜ್ಜಿ ತುಟಿಯೊಳಗೇ ಆಂಜನೇಯಸ್ವಾಮಿಯ ಹೆಸರು ಹೇಳುತ್ತ ಬಟ್ಟಲು ಕಂಠದವರೆಗೆ ತುಂಬಿಸಿದಳು. ಆಮೇಲೆ ಗಿಂಡಿಯ ಬಾಯಿಗೆ ಅಂಟಿದ್ದ ಎಣ್ಣೆಯನ್ನು ಅಂಗೈಗೆ ಒರೆಸಿಕೊಂಡು, ನನ್ನ ನೆತ್ತಿಗೆ ತಟ್ಟಿದಳು.

“ನಿಮ್ಮಮ್ಮಂಗೆ ಹೇಳ್ಬ್ಯಾಡ. ಅವಳಿಗೆ ಗೊತ್ತಾದ್ರೆ ಚೆಲ್ಲಿಬಿಡ್ತಾಳೆ.”

ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಅಪ್ಪ ತಲೆ ಒರೆಸಿಕೊಳ್ಳುತ್ತ ಬಂದು, ತಂತಿಯ ಮೇಲಿದ್ದ ಜಾಲರಿ ಕಂಡು, ಇಷ್ಟು ನಾನೇ ಹಾಕ್ತೀನಿ ಬಿಡು ಅಂತ ಒಳಗಿದ್ದ ಅಮ್ಮನಿಗೆ ಕೂಗಿ ಹೇಳಿದ. ಬಟ್ಟಲೊಳಗೆ ನೋಡಲಿಲ್ಲ. ನೋಡಿದ್ದರೂ ಗೆರೆ ಅವನಿಗೆ ಗೊತ್ತಿರಲಿಲ್ಲ. ಜಾಲರಿ ಇಟ್ಟು, ಮುಚ್ಚಳ ಹಾಕಿ, ಮೇಲಿನ ಚಿಟ್ಟೆ ನಟ್ಟನ್ನು ತಿರುಗಿಸುತ್ತ ಯಾವುದೋ ಹಾಡು ಗುನುಗುತ್ತಿದ್ದ. ನನಗೆ ಗೆರೆ ಗೊತ್ತಿತ್ತು. ಆ ಮನೆಯಲ್ಲಿ ಅಮ್ಮನನ್ನು ಬಿಟ್ಟರೆ ಅದು ಗೊತ್ತಿದ್ದವಳು ನಾನೊಬ್ಬಳೇ. ‘ಅಪ್ಪಾ’ ಅನ್ನುವ ಮಾತು ಬಾಯಿಗೆ ಬಂತು. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ನಿಂತು, ಎಷ್ಟೋ ದಿನದ ಮೇಲೆ ಹಗುರಾಗಿ ಕಾಣುತ್ತಿದ್ದಳು. ಅವಳ ಮುಖ ನೋಡಿ ಸುಮ್ಮನಾದೆ. ಅಮ್ಮ ಹೇಳಿದ್ದು ಸುಳ್ಳಿರಲಿ ಅಂತಲೂ ಒಂದು ಕ್ಷಣ ಬಯಸಿದೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಬಿಸಿಯಾಗುತ್ತದೆ.

ಎಂಜಿನ್ ಎಂದಿನಂತೆಯೇ ಹತ್ತಿತು. ಸ್ವಲ್ಪ ಹೊತ್ತು ಎಂದಿನಂತೆಯೇ ಗುಡುಗುಡು ಅಂದಿತು. ಸುಳ್ಳೇ ಇರಬೇಕು ಅಂದುಕೊಂಡೆ. ಅಪ್ಪ ಎಂದಿನಂತೆ ಎರಡು ಸಲ ಆಕ್ಸಿಲರೇಟರ್ ಒತ್ತಿ ಕಾಲು ತೆಗೆದ. ಸದ್ದು ಏರಿತು. ಇಳಿಯಬೇಕಿದ್ದದ್ದು ಇಳಿಯಲಿಲ್ಲ. ಅಪ್ಪ ತನ್ನ ಕಾಲನ್ನು ಬಗ್ಗಿ ನೋಡಿಕೊಂಡ. ಸದ್ದು ಇನ್ನೂ ಏರಿತು. ಎಂಜಿನ್ ನಿಲ್ಲಿಸುವ ಗುಬುಟು ಎಳೆದ, ಕೀಲಿ ತಿರುಗಿಸಿ ಹೊರಗೆ ತೆಗೆದೇಬಿಟ್ಟ. ಕೀಲಿ ಅವನ ಕೈಯಲ್ಲಿತ್ತು, ಕಾರು ಕೂಗುತ್ತಿತ್ತು. ಗಾಡಿ ನಿಂತಲ್ಲೇ ನಡುಗುತ್ತಿತ್ತು, ಬಾನೆಟ್ ಪಟಪಟ ಬಡಿದುಕೊಳ್ಳುತ್ತಿತ್ತು, ಹಿಂದಿನಿಂದ ಬಿಳಿ ನೀಲಿ ಬೆರೆತ ದಪ್ಪ ಹೊಗೆ ಬುಗ್ಗೆಯೆದ್ದು ಬರುತ್ತಿತ್ತು. ಕಾರಿನ ಹಿಂಭಾಗ ಇದ್ದದ್ದು ಹುಳದ ಮನೆಯ ಪರದೆ ಕಿಟಕಿಯ ಕಡೆಗೆ, ಬೇರೆ ದಿನದ ತೆಳು ಹೊಗೆ ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಅವತ್ತು ಗಾಳಿಯೂ ಆ ಕಡೆಗೇ ಬೀಸುತ್ತಿತ್ತು. ಹೊಗೆ ಅಂಗಳದಲ್ಲಿ ಒಂದು ಗಳಿಗೆಯೂ ನಿಲ್ಲದೆ ಕಿಟಕಿಯೊಳಗೆ ಹೋಯಿತು.

ಅಪ್ಪ ಕೆಳಗಿಳಿದು ಹೆಗಲ ಮೇಲಿನ ಟವೆಲ್ಲನ್ನು ಗಾಳಿ ಡಬ್ಬಿಯ ಮೂತಿಗೆ ತುರುಕಿದ. ಅದು ಟವೆಲ್ಲನ್ನು ಕೈಯಿಂದ ಕಿತ್ತುಕೊಂಡು ಒಳಗೆಳೆದು ಹರಿಯಿತು. ಹೊಗೆಯೊಳಗಿಂದ ಅಮ್ಮ ಓಡಿಬಂದಳು. ಒಂದು ಸಲ ಕಾರಿನ ಸದ್ದು ಕೇಳಿದವಳೇ ತಿರುಗಿ ಅಡುಗೆಮನೆಗೆ ಹೋದಳು. ಹೆದರಿ ಒಳಗೆ ಓಡಿದಳು ಅಂತಲೇ ನಾನು ತಿಳಿದೆ. ಮುದ್ದೆ ಕಟ್ಟುವ ಮರದ ಮಣೆ ಹಿಡಿದು ಬಂದು, ಅಪ್ಪನನ್ನು ಭುಜದಿಂದ ಪಕ್ಕಕ್ಕೆ ನೂಕಿ, ಮಣೆಯನ್ನು ಮೂತಿಗೆ ಚಪ್ಪಟೆಯಾಗಿ ಒತ್ತಿ ಹಿಡಿದಳು. ಇಡೀ ಮೈಭಾರ ಬಿಟ್ಟು ಒತ್ತಿದಳು. ಮಣೆ ಬಡಬಡ ಅಲುಗಿತು, ಅವಳ ಮೊಣಕೈ ಎಂಜಿನ್ನಿನ ಬಿಸಿ ಕಬ್ಬಿಣಕ್ಕೆ ತಾಗಿತ್ತು, ತೆಗೆಯಲಿಲ್ಲ. ಕೂಗು ಗಂಟಲಲ್ಲಿ ಸಿಕ್ಕಿದ ಹಾಗೆ ತಡವರಿಸಿತು. ಕಾರು ಎರಡು ಸಲ ಜಗ್ಗಿ, ಒಳಗೇನೋ ಮುರಿದ ಸದ್ದು ಮಾಡಿ, ನಿಂತಿತು.

ಆ ನಿಶ್ಶಬ್ದದಲ್ಲಿ ನಾನು ಅಭ್ಯಾಸಬಲದಿಂದ ಗೋಡೆಯ ಕಡೆ ಕಿವಿ ಕೊಟ್ಟೆ. ಹಣ್ಣಾಗದ ಹುಳ ಇನ್ನೂ ಅರ್ಧಕ್ಕರ್ಧ ಇದ್ದವು, ಅವು ಮೇಯುತ್ತಿರಬೇಕಿತ್ತು. ಏನೂ ಕೇಳಿಸಲಿಲ್ಲ. ಲಕ್ಷ್ಮಕ್ಕ ಕೆಮ್ಮುತ್ತ ಹೊರಗೆ ಬಂದು ಬಾಗಿಲಲ್ಲೇ ಕೂತಳು. ಅವಳ ಮಾತು ತೆಲುಗು.

“ಅನ್ನೀ ಪೋಯಾಯಮ್ಮಾ. ಒಕ್ಕಟೀ ಕದಲಟಂ ಲೇದು.”

ಎಲ್ಲ ಹೋದವು, ಒಂದೂ ಅಲುಗುತ್ತಿಲ್ಲ. ಒಳಗೆ ಹೋಗಿ ನೋಡಿದರೆ ತಟ್ಟೆಯ ಹುಳ ಹಸಿರು ನೀರು ಕಕ್ಕಿಕೊಂಡು ಮಲಗಿದ್ದವು. ಚಂದ್ರಿಕೆ ಹತ್ತಿದ್ದವು ಒಂದೆಳೆ ನೂಲು ಬಿಟ್ಟು, ಅದೇ ಎಳೆಗೆ ತೂಗಿಕೊಂಡಿದ್ದವು. ಅಜ್ಜಿ ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಹೊಗೆ ಕಂಡು ಅಕ್ಕಪಕ್ಕದ ಹೊಲದವರೆಲ್ಲ ಅಂಗಳದಲ್ಲಿ ಸೇರಿದ್ದರು. ಅವರಲ್ಲೊಬ್ಬ ಹಿರಿಯ, ಏನಪ್ಪ ಮಾಡಿದೆ ಗಾಡಿಗೆ ಅಂತ ಅಪ್ಪನನ್ನು ಕೇಳಿದ. ಎಷ್ಟೋ ಜನರ ಮುಂದೆ ಎಲ್ಲ ನಾನೇ ಮಾಡ್ಕಂತೀನಿ ಅಂದಿದ್ದ ಅಪ್ಪ ಅವತ್ತು ಮೊದಲ ಸಲ ಊರಿನ ಮುಂದೆ ನಿಜ ಹೇಳಿದ.

“ನಾನೇನೂ ಮಾಡಿಲ್ಲಣ್ಣ. ಅದ್ರ ಕೆಲ್ಸ ಎಲ್ಲ ಇವಳ್ದೇ. ನಿನ್ನೆ ಬಿಚ್ಚಿ ತೊಳ್ದು, ಎಣ್ಣೆ ಹಾಕಿದ್ದೂ ಇವಳೇ.”

ಎಲ್ಲರೂ ಅಮ್ಮನ ಕಡೆ ತಿರುಗಿದರು. ಅವಳ ಮೊಣಕೈ ಬೆಂದು ಕೆಂಪಗಾಗಿತ್ತು, ಕೈಯಲ್ಲಿ ಇನ್ನೂ ಮಣೆ ಇತ್ತು. ಈ ಸಲ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ.

“ನಾ ಗೆರಿ ತನಕ ಹಾಕಿದ್ದೆ. ನಾ ಒಳಗ ಹೋದ ಮ್ಯಾಲ ಯಾರರ ಮುಟ್ಟೀರೇನ್ರಿ? ಯಾರರ ಏನರ ನೋಡೀರೇನು?”

ಅಪ್ಪ, ಜಾಲರಿ ಇಟ್ಟಿದ್ದು ಬಿಟ್ಟರೆ ಏನೂ ಇಲ್ಲ ಅಂದ. ಅಜ್ಜಿ ಅಂಗೈ ಮೇಲಿನ ಹುಳದಿಂದ ಕಣ್ಣು ತೆಗೆಯದೆ, “ಹೆಣ್ಣೆಂಗ್ಸು ಆ ಕೆಲ್ಸಕ್ಕೆ ಕೈ ಹಾಕಿದ್ರೆ ಇಂಗೇ ಆಗಾದು” ಅಂದಳು. ಅವಳು ಸುಳ್ಳು ಹೇಳಿದಳೋ, ಕೈಯಾರೆ ಕಾಯಿಸಿದ ಎಣ್ಣೆ ಕೇಡು ಮಾಡಬಹುದೆಂದು ಅವಳಿಗೆ ಹೊಳೆಯಲೇ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಆಮೇಲೆ ಅಮ್ಮನ ಕಣ್ಣು ನನ್ನ ಮೇಲೆ ಬಂತು. ನಾನು ಸ್ಲೇಟನ್ನು ಎದೆಗವಚಿಕೊಂಡು ನೆಲ ನೋಡಿದೆ.

ಜನ ಚದುರಿದ ಮೇಲೆ ಅಮ್ಮ ಒಬ್ಬಳೇ ಕಾರಿನ ಹತ್ತಿರ ಹೋಗಿ ಬಟ್ಟಲನ್ನು ಬಿಚ್ಚಿ, ಬೇವಿನ ಮರದಡಿಗೆ ಒಯ್ದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಉಳಿದಿದ್ದ ಎಣ್ಣೆಯನ್ನು ನಿಧಾನವಾಗಿ ಬಗ್ಗಿಸಿದಳು. ಮೊದಲು ಎಂಜಿನ್ ಆಯಿಲ್ ಬಂತು. ಅದು ಮುಗಿದ ಮೇಲೆ ತಳದಿಂದ, ಅದರ ಜೊತೆ ಬೆರೆಯದೆ ಬೇರೆಯಾಗಿ ಕೂತಿದ್ದ ಹಳದಿ ಎಣ್ಣೆ ದಪ್ಪಗೆ ಜಾರಿ ಬಂತು. ಅಮ್ಮ ಬೆರಳು ಅದ್ದಿ ಮೂಸಿ ನೋಡಿದಳು. ಅದನ್ನು ತಂದು ಯಾರಿಗೂ ತೋರಿಸಲಿಲ್ಲ. ಮಣ್ಣು ಎಳೆದು ಮುಚ್ಚಿ, ಬಟ್ಟಲನ್ನು ತೊಳೆದು, ಒರೆಸಿ, ಕಾರಿನಲ್ಲಿ ಇದ್ದಲ್ಲೇ ಇಟ್ಟಳು. ಸಂಜೆ ನನ್ನನ್ನು ಕರೆದು ತಲೆ ಬಾಚಲು ಕೂರಿಸಿಕೊಂಡಳು. ಬಾಚಣಿಗೆ ನೆತ್ತಿಯ ಹತ್ತಿರ ಬಂದು ನಿಂತಿತು. ಅವಳು ಬಗ್ಗಿದ್ದು, ಉಸಿರೆಳೆದುಕೊಂಡದ್ದು ಗೊತ್ತಾಯಿತು. ಅವತ್ತು ನನಗೆ ಎಣ್ಣೆ ಹಚ್ಚುವ ದಿನವಾಗಿರಲಿಲ್ಲ. ಸಿಕ್ಕು ಬಿಡಿಸುತ್ತಿದ್ದಾಳೆ ಅಂತ ನಾನು ಅಂದುಕೊಂಡೆ, ಇಲ್ಲವೇ ಹಾಗೆ ಅಂದುಕೊಳ್ಳಲು ಇಷ್ಟಪಟ್ಟೆ.

“ಏನರ ಹೇಳಬೇಕೇನವ್ವ?”

“ಇಲ್ಲ.”

ಬಾಚಣಿಗೆ ಮತ್ತೆ ಓಡಿತು. ಮಾರನೆಯ ದಿನದಿಂದ ಮನೆಯಲ್ಲಿ ಒಗ್ಗರಣೆಯ ವಾಸನೆ ಬರತೊಡಗಿತು, ಯಾಕೆಂದರೆ ಇನ್ನು ಕಾಯುವುದಕ್ಕೆ ಹುಳವಿರಲಿಲ್ಲ. ಅದಕ್ಕಿಂತ ಭಯ ಹುಟ್ಟಿಸುವ ವಾಸನೆ ನನಗೆ ಬೇರೊಂದಿಲ್ಲ. ಸತ್ತ ಹುಳವನ್ನು ಮಂಕರಿಯಲ್ಲಿ ಹೊತ್ತು ತೋಟದಲ್ಲಿ ಹೂತರು. ಅಪ್ಪ ಅಮ್ಮನ ಜೊತೆ ಮಾತು ಬಿಟ್ಟ. ಮಾತಾಡಿದ್ದು ಒಂದೇ ಸಲ, ಇನ್ನು ಆ ಗಾಡಿಯನ್ನು ನೀನು ಮುಟ್ಟಕೂಡದು ಅಂತ. ಅಮ್ಮ ಹೂನ್ರಿ ಅಂದಳು. ಅವಳ ಬಟ್ಟೆಯ ಚೀಲ ಭಾನುವಾರ ಸಂಜೆಯೇ ಕಟ್ಟಿ ಗೂಟಕ್ಕೆ ತೂಗುಹಾಕಿದ್ದು ನನಗೆ ಕಾಣುತ್ತಿತ್ತು. ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು, ಚೀಲ ಅಲ್ಲೇ ಇತ್ತು. ಆ ದಿನಗಳಲ್ಲಿ ಅಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನನ್ನ ತಲೆ ಬಾಚುತ್ತಿದ್ದಳು. ನಾನು ಬೇಗ ಮುಗಿಸು ಅಂತ ಕೊಸರುತ್ತಿದ್ದೆ. ಅಜ್ಜಿ ನನ್ನನ್ನು ಇನ್ನಷ್ಟು ಹತ್ತಿರ ಮಾಡಿಕೊಂಡಳು. ಊಟಕ್ಕೆ ಕೂತಾಗ ನನ್ನ ಮುದ್ದೆಯ ಗುಳಿಗೆ ಎರಡು ಸಲ ತುಪ್ಪ ಬಿಡುತ್ತಿದ್ದಳು. ಯಾಕೆ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಿಂದೆ. ಶುಕ್ರವಾರ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಗೂಟ ಬರಿದಾಗಿತ್ತು.

ಅಮ್ಮ ರಾಯದುರ್ಗದಿಂದ ವಾಪಸ್ ಬಂದದ್ದು ಮೂರು ತಿಂಗಳಾದ ಮೇಲೆ, ಅದೂ ನನಗೆ ಟೈಫಾಯ್ಡ್ ಬಂತು ಅಂತ. ಬಂದವಳು ಮತ್ತೆ ಹುಳ ಮೇಯಿಸಿದಳು, ಮುದ್ದೆ ತಿರುವಿದಳು, ಅಜ್ಜಿ ಹಾಸಿಗೆ ಹಿಡಿದಾಗ ಎರಡು ವರ್ಷ ಅವಳ ಮೈ ತೊಳೆದಳು. ಕಾರಿನ ಹತ್ತಿರ ಹೋಗಲಿಲ್ಲ.

ಅಪ್ಪ ಅದನ್ನು ಮಡಕಶಿರದ ಮೆಕ್ಯಾನಿಕ್ಕಿಗೆ ಕೊಟ್ಟು ಎಂಜಿನ್ ಬಿಚ್ಚಿಸಿದ. ಕೊನೆಗೆ ಹಳೇ ಕಬ್ಬಿಣದವರಿಗೆ ಹಾಕಿದ. ಅಮ್ಮನ ಉಗುರಿನ ಸಂದಿಯ ಕಪ್ಪು ಒಂದು ವರ್ಷದಲ್ಲಿ ಪೂರಾ ಹೋಯಿತು. ಯಾರೂ ನೋಡಿ ನಗಲಾರದಂಥ ಕೈ ಬಂದಿತ್ತು ಅವಳಿಗೆ. ನನಗೆ ಆ ಕೈ ಬೇಡವಾಗಿತ್ತು ಅಂತ ಹೇಳುವ ಹಕ್ಕು ನನಗಿರಲಿಲ್ಲ. ಅವಳು ನನಗೆ ಅಡುಗೆ ಕಲಿಸಿದಳು, ಹೊಲಿಗೆ ಕಲಿಸಿದಳು. ಷೆಡ್ಡಿನಲ್ಲಿ ಕಲಿತ ವಿದ್ಯೆಯಲ್ಲಿ ಇನ್ನೊಂದು ಅಕ್ಷರವನ್ನೂ ನನಗೆ ಹೇಳಿಕೊಡಲಿಲ್ಲ.

ಹೋದ ವರ್ಷ ಸೋದರಮಾವನ ಮೊಮ್ಮಗನ ನಾಮಕರಣಕ್ಕೆಂದು ಅಮ್ಮ, ನಾನು ರಾಯದುರ್ಗಕ್ಕೆ ಹೋಗಿದ್ದೆವು. ನನ್ನ ಕಾರು ನಾನೇ ಓಡಿಸಿಕೊಂಡು ಹೋಗಿದ್ದೆ. ನಾಮಕರಣ ಮುಗಿದ ಮಾರನೆಯ ಬೆಳಿಗ್ಗೆ, ಹೊರಡುವ ಮುಂಚೆ, ಮಾವನ ಮನೆಯ ಕಟ್ಟೆಯ ಮೇಲೆ ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಯಾಕೆ ಅವತ್ತೇ ಬಾಯಿ ಬಂತೋ ಗೊತ್ತಿಲ್ಲ. ಅಪ್ಪನೂ ಇಲ್ಲ, ಅಜ್ಜಿಯೂ ಇಲ್ಲ, ಇನ್ನು ಯಾರಿಗೂ ಹೆದರಬೇಕಿಲ್ಲ ಅನ್ನುವುದಷ್ಟೇ ಕಾರಣವಿದ್ದರೆ ಅದರಷ್ಟು ನಾಚಿಕೆಗೇಡು ಇನ್ನೊಂದಿಲ್ಲ.

“ಅಮ್ಮಾ, ಅವತ್ತು ಅಜ್ಜಿ ಬಟ್ಟಲಿಗೆ ಎಣ್ಣೆ ಹಾಕಿದ್ದನ್ನ ನಾನು ನೋಡಿದ್ದೆ.”

ಅವಳ ಬೆರಳು ನಿಲ್ಲಲಿಲ್ಲ.

“ಗೊತ್ತೈತಿ.”

“ಗೊತ್ತಿದ್ರೆ ನೀನೇ ಯಾಕೆ ಹೇಳಲಿಲ್ಲ?”

“ನಾ ಹೇಳಿದ್ರ ಸೊಸಿ ತನ್ನ ತಪ್ಪು ಅತ್ತಿ ಮ್ಯಾಲ ಹಾಕಿದ್ಲು ಅಂತಿದ್ರು. ನೀ ಹೇಳಿದ್ರ ನಂಬತಿದ್ರು.”

ನಾನಾಗ ಚಿಕ್ಕವಳು, ಭಯವಿತ್ತು, ಅಜ್ಜಿ ಹೇಳಬೇಡ ಅಂದಿದ್ದಳು ಅಂತ ಏನೇನೋ ಹೇಳಿದೆ. ಅಮ್ಮ ಎಲ್ಲದಕ್ಕೂ ಹೂನವ್ವ, ಹೂನವ್ವ ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೊರದಲ್ಲಿದ್ದ ಕಾಯಿ ಮುಗಿದವು. ಮಡಿಲಲ್ಲಿದ್ದ ಸಿಪ್ಪೆ ಕೊಡವಿ ಎದ್ದು ನಿಂತಳು.

“ಸೋಮವಾರದ ಬಸ್ಸಿಗೇ ಹೊಂಟಿದ್ದೆ ನಾನು. ನೀ ಹೇಳ್ತಿ ಅಂತ ಶುಕ್ರವಾರದ ತನಕ ಕುಂತೆ.”